ಸುಳ್ಳು ಸುದ್ದಿ ತಡೆಯಲು ಸಂಶೋಧನೆ ಎಲ್ಲಿಂದ ಶುರುವಾಗಬೇಕು?

ಹೊಸ_ಸಂಶೋಧಕಿ: ಆನ್‌ಲೈನ್‌ನಲ್ಲಿ ಬೇಕಂತಲೇ ಹರಡುವ ಸುಳ್ಳನ್ನು ಪ್ರಜಾಪ್ರಭುತ್ವ ದೇಶಗಳು ಹೇಗೆ ಎದುರಿಸಬಹುದು ಅನ್ನೋದರ ಮೇಲೆ ಪಿಎಚ್‌ಡಿ ಮಾಡಬೇಕು ಅಂತಿದ್ದೇನೆ. ಬೇರೆ ಬೇರೆ ದೇಶಗಳ ಕಾನೂನು ಹೋಲಿಸಿ ನೋಡು ಅಂತ ಗೈಡ್ ಹೇಳುತ್ತಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ನೀವೇನಂತೀರಿ?

ಕಾಯಿದೆ_ಪುಸ್ತಕ: ಗೈಡ್ ಹೇಳಿದ್ದೇ ಸರಿ ಮೇಡಂ. ದುಡ್ಡಿನ ಬಿಸಿ ಮುಟ್ಟದೆ ಕಂಪನಿಗಳು ಅಲುಗಾಡಲ್ಲ. ಐರೋಪ್ಯ ಒಕ್ಕೂಟದ ಡಿಜಿಟಲ್ ಸರ್ವಿಸಸ್ ಆಕ್ಟ್ ನೋಡಿ. ನಿಯಮ ಮುರಿದರೆ ಜಾಗತಿಕ ವಹಿವಾಟಿನ ಶೇ. 6ರವರೆಗೆ ದಂಡ. ತಮ್ಮಿಂದ ಚುನಾವಣೆಗೆ ಏನೇನು ಅಪಾಯ ಇದೆ ಅಂತ ದೊಡ್ಡ ವೇದಿಕೆಗಳು ವರ್ಷ ವರ್ಷ ವರದಿ ಒಪ್ಪಿಸಬೇಕು.

ಅಡ್ಡಪ್ರಶ್ನೆ: ಕಾನೂನೇನೋ ಸರಿ, ಯಾವುದು ಸುಳ್ಳು ಅಂತ ಹೇಳೋರು ಯಾರು? 2023ರಲ್ಲಿ ಭಾರತ ಐಟಿ ನಿಯಮ ತಿದ್ದಿತು. ಕೇಂದ್ರ ಸರ್ಕಾರದ ಬಗೆಗಿನ ಯಾವ ಸುದ್ದಿ ಸುಳ್ಳು ಅಂತ ಹೇಳೋ ಅಧಿಕಾರವನ್ನು ಸರ್ಕಾರದ್ದೇ ಒಂದು ಘಟಕಕ್ಕೆ ಕೊಡಲು ಹೊರಟಿತು. ತನ್ನ ಕೇಸಿಗೆ ತಾನೇ ಜಡ್ಜ್! 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸಿಂಗಪುರದ 2019ರ ಕಾನೂನಿನಲ್ಲಂತೂ ‘ಇದು ಸುಳ್ಳು, ತಿದ್ದಿ’ ಅಂತ ಮಂತ್ರಿಯೇ ಆದೇಶ ಕೊಡಬಹುದು. ಕೋರ್ಟಿಗೆ ಹೋಗೋದೇನಿದ್ದರೂ ಆಮೇಲೆ.

ಕಾಯಿದೆ_ಪುಸ್ತಕ: ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಸರ್. ಐರೋಪ್ಯ ಕಾನೂನು ಪೋಸ್ಟ್ ಹಿಡಿದು ಇದು ಸುಳ್ಳು ಅಂತ ತೀರ್ಪು ಕೊಡಲ್ಲ. ನಿಮ್ಮ ಅಲ್ಗಾರಿದಂ ಯಾವುದನ್ನು ಮೇಲೆ ತಳ್ಳುತ್ತದೆ, ಅದಕ್ಕೆ ಏನು ಮಾಡಿದ್ದೀರಿ ಅಂತ ಕೇಳುತ್ತದೆ.

ಲಾಗ್_ಫೈಲ್: ನೀವಿಬ್ಬರೂ ಜಗಳ ಆಡ್ತಾ ಇರಿ. ಡೇಟಾ ಎಲ್ಲಿದೆ? 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರ ಅಧ್ಯಯನ ಬಂತು. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಓಡಾಡಿದ ಸುಮಾರು 1,26,000 ಸುದ್ದಿಗಳನ್ನು ಜಾಲಾಡಿದ್ದರು. ಸುಳ್ಳು ರೀಟ್ವೀಟ್ ಆಗುವ ಸಾಧ್ಯತೆ ನಿಜಕ್ಕಿಂತ ಶೇ. 70 ಜಾಸ್ತಿ. ಬಾಟ್‌ಗಳನ್ನು, ಅಂದರೆ ತಾನಾಗೇ ಪೋಸ್ಟ್ ಹಾಕೋ ಯಂತ್ರ ಖಾತೆಗಳನ್ನು, ಬಿಟ್ಟು ಲೆಕ್ಕ ಹಾಕಿದರೂ ಅದೇ ಕಥೆ, ಹರಡಿದ್ದು ನಮ್ಮಂಥವರೇ. ಇವತ್ತು ಅಂಥ ಅಧ್ಯಯನಕ್ಕೆ ಕೂತರೆ ಮೊದಲ ದಿನವೇ ಕೈಕಟ್ಟಿ ಹೋಗುತ್ತದೆ. ಸಂಶೋಧಕರು ಡೇಟಾ ಇಳಿಸಿಕೊಳ್ಳುತ್ತಿದ್ದ ಉಚಿತ ದಾರಿಯನ್ನು (ಎಪಿಐ) ಟ್ವಿಟರ್ 2023ರಲ್ಲಿ ನಿಲ್ಲಿಸಿತು. ಮೆಟಾ 2024ರ ಆಗಸ್ಟ್‌ನಲ್ಲಿ, ಅಮೆರಿಕದ ಚುನಾವಣೆಗೆ ಮೂರು ತಿಂಗಳೂ ಇಲ್ಲ ಅನ್ನುವಾಗ, ಫೇಸ್‌ಬುಕ್‌ನಲ್ಲಿ ಯಾವ ಪೋಸ್ಟ್ ಹೇಗೆ ಹರಡುತ್ತಿದೆ ಅಂತ ನೋಡುವ ಕ್ರೌಡ್‌ಟ್ಯಾಂಗಲ್ ಸಾಧನವನ್ನು ಮುಚ್ಚಿತು. ಕಾಯಿದೆ ಸರ್ ದಂಡದ ಬಗ್ಗೆ ಮಾತಾಡ್ತಾರೆ. ಅದೇ ಕಾನೂನಿನ 40ನೇ ವಿಧಿ ಸಂಶೋಧಕರು ಕಂಪನಿಯ ಡೇಟಾ ಕೇಳೋಕೆ ದಾರಿ ಮಾಡಿದೆ. ನನಗೆ ಅದೇ ದೊಡ್ಡದು.

ಹಳೇ_ಮೇಷ್ಟ್ರು: ಶಾಲೆಯನ್ನು ಎಲ್ಲರೂ ಮರೆತಿರಿ. ಫಿನ್‌ಲೆಂಡ್‌ನಲ್ಲಿ ಗಣಿತದ ತರಗತಿಯಲ್ಲೇ ಅಂಕಿಅಂಶ ಹೇಗೆ ದಾರಿ ತಪ್ಪಿಸುತ್ತದೆ ಅಂತ ಕಲಿಸುತ್ತಾರೆ. ಕೇಂಬ್ರಿಜ್‌ನವರು ‘ಬ್ಯಾಡ್ ನ್ಯೂಸ್’ ಅಂತ ಒಂದು ಆಟ ಮಾಡಿದ್ದಾರೆ, ಆಡಿ ನೋಡಿ. ಅದರಲ್ಲಿ ಸುಳ್ಳು ಹರಡುವವರು ನೀವೇ. ಗಣ್ಯರ ಹೆಸರಲ್ಲಿ ನಕಲಿ ಖಾತೆ ತೆರೆಯಬೇಕು, ಭಯ ಹುಟ್ಟಿಸೋ ತಲೆಬರಹ ಆರಿಸಬೇಕು, ಫಾಲೋವರ್ಸ್ ಏರ್ತಾ ಹೋಗ್ತಾರೆ. ಲಸಿಕೆ ಥರ, ಮೊದಲೇ ಸ್ವಲ್ಪ ವಿಷ ಕೊಟ್ಟು ಪಳಗಿಸೋದು.

ಅಡ್ಡಪ್ರಶ್ನೆ: ಮೇಷ್ಟ್ರೇ, ಎಲ್ಲವನ್ನೂ ಅನುಮಾನಿಸಿ ಅಂತ ಕಲಿಸಿದರೆ ನಿಜವನ್ನೂ ನಂಬಲ್ಲ. ಲಂಚ ಕೇಳಿದ ಆಡಿಯೊ ಹೊರಬಂದರೆ ‘ಇದು ಎಐ’ ಅಂದುಬಿಟ್ಟರೆ ಆಯ್ತಲ್ಲ?

ಹಳೇ_ಮೇಷ್ಟ್ರು: ಅದು ಪಾಠ ಮಾಡೋರ ಕೈಯಲ್ಲಿದೆ. ಯಾವುದನ್ನು ನಂಬಬಹುದು ಅಂತಲೂ ಕಲಿಸಬೇಕು.

ಹೊಸ_ಸಂಶೋಧಕಿ: ವಾಟ್ಸಾಪ್ ಮಾಡಿದ್ದರ ಬಗ್ಗೆ ಯಾರೂ ಹೇಳಲಿಲ್ಲ? 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಅಂತ ಮಿತಿ ಹಾಕಿತು. 2020ರಲ್ಲಿ, ತುಂಬಾ ಸಲ ಫಾರ್ವರ್ಡ್ ಆಗಿ ಜೋಡಿ ಬಾಣದ ಗುರುತು ಬಿದ್ದ ಮೆಸೇಜ್ ಒಂದು ಸಲಕ್ಕೆ ಒಂದೇ ಚಾಟ್‌ಗೆ ಅಂತ ಮಾಡಿತು. ಅಂಥ ಫಾರ್ವರ್ಡ್ ಶೇ. 70 ಇಳಿಯಿತಂತೆ. ಇಲ್ಲಿ ಯಾರೂ ಸತ್ಯ ಸುಳ್ಳು ತೀರ್ಮಾನಿಸಿಲ್ಲ ಅಲ್ವಾ?

ಅಡ್ಡಪ್ರಶ್ನೆ: ಇದು ಒಪ್ಪಿಗೆ.

ಲಾಗ್_ಫೈಲ್: ನನಗೆ ಅರ್ಧ ಒಪ್ಪಿಗೆ. ಆ ಶೇ. 70 ಕಂಪನಿ ತಾನೇ ಹೇಳಿದ ಲೆಕ್ಕ, ಹೊರಗಿನವರು ಪರೀಕ್ಷೆ ಮಾಡೋಕೆ ಆಗಲ್ಲ. ಪ್ರವಾಹದ ನಿಜವಾದ ಎಚ್ಚರಿಕೆಯೂ ಅಷ್ಟೇ ನಿಧಾನ ಆಗಿರುತ್ತದೆ. ಡೇಟಾ ಕೈಗೆ ಸಿಗುವ ವಿಷಯ ಬೇಕಿದ್ದರೆ ಎಕ್ಸ್‌ನ (ಹಿಂದಿನ ಟ್ವಿಟರ್) ಕಮ್ಯುನಿಟಿ ನೋಟ್ಸ್ ತಗೊಳ್ಳಿ, ದಾರಿ ತಪ್ಪಿಸುವ ಪೋಸ್ಟ್‌ಗೆ ಬಳಕೆದಾರರೇ ಬರೆಯುವ ಟಿಪ್ಪಣಿ ಅದು. ಸಾಮಾನ್ಯವಾಗಿ ಒಬ್ಬರಿಗೊಬ್ಬರು ಒಪ್ಪದ ಜನ ‘ಉಪಯುಕ್ತ’ ಅಂದರೆ ಮಾತ್ರ ನೋಟ್ ಎಲ್ಲರಿಗೂ ಕಾಣುತ್ತದೆ. ಕೋಡ್ ಬಹಿರಂಗ, ರೇಟಿಂಗ್ ಫೈಲ್‌ಗಳನ್ನೂ ಇಳಿಸಿಕೊಳ್ಳಬಹುದು. ಆದರೆ ಜನ ಎರಡು ಪಾಳಯ ಆದ ಚುನಾವಣೆಯಲ್ಲಿ ಆ ಒಪ್ಪಿಗೆ ಬರೋದೇ ಕಷ್ಟ, ಬಂದರೂ ತಡ.

ಹೊಸ_ಸಂಶೋಧಕಿ: ಹಾಗಾದರೆ ನನ್ನ ಪ್ರಶ್ನೆ ಇದೇ ಆಗಬಹುದು: ನೋಟ್ ಕಾಣೋ ಹೊತ್ತಿಗೆ ಪೋಸ್ಟ್ ಎಷ್ಟು ಜನಕ್ಕೆ ಮುಟ್ಟಿರುತ್ತದೆ?

ಲಾಗ್_ಫೈಲ್: ನೋಟ್ ಬಂದ ಸಮಯ ಆ ಫೈಲ್‌ನಲ್ಲಿದೆ. ಪೋಸ್ಟ್ ಅಷ್ಟರಲ್ಲಿ ಎಷ್ಟು ಜನ ನೋಡಿದ್ದರು ಅನ್ನೋದು ಇರಲ್ಲ. ಅದನ್ನು ಕಂಪನಿಯಿಂದಲೇ ತರಿಸಬೇಕು.

ಕಾಯಿದೆ_ಪುಸ್ತಕ: ಬಂದಿರಲ್ಲ ಕಾನೂನಿನ ಬಾಗಿಲಿಗೆ! ಆದರೆ 40ನೇ ವಿಧಿಯಲ್ಲಿ ಕೇಳಬೇಕಾದರೆ ಐರೋಪ್ಯ ಒಕ್ಕೂಟದೊಳಗಿನ ಅಪಾಯದ ಅಧ್ಯಯನವೇ ಆಗಿರಬೇಕು ಮೇಡಂ. ಮೊದಲು ಅಲ್ಲಿನ ಒಂದು ಚುನಾವಣೆ ಆರಿಸಿಕೊಂಡು ಗೈಡ್ ಹತ್ತಿರ ಹೋಗಿ.