ರಾಯಚೂರಿನ ಬಿಸಿಲಲ್ಲಿ ಎಲೆಬಾಲದ ಹಲ್ಲಿ ಸಾಕೋಕೆ ಆಗುತ್ತಾ?

ಹಸಿರುಗೂಡು, ರಾಯಚೂರು
ಎಲ್ಲರಿಗೂ ನಮಸ್ಕಾರ. ಮಡಗಾಸ್ಕರಿನ ಎಲೆಬಾಲದ ಹಲ್ಲಿ (ಲೀಫ್ ಟೇಲ್ ಗೆಕ್ಕೊ) ಅಂದ್ರೆ ನನಗೆ ಪ್ರಾಣ. ಅದರಲ್ಲೂ ಒಣಗಿದ ಎಲೆ ತರಹ ಕಾಣುವ ಸಣ್ಣ ಜಾತಿ, ಯೂರೋಪ್ಲಾಟಸ್ ಫ್ಯಾಂಟಾಸ್ಟಿಕಸ್. ಗಾಜಿನ ಪೆಟ್ಟಿಗೆಯೊಳಗೆ ಗಿಡ, ಪಾಚಿ, ತರಗೆಲೆ ಹಾಕಿ ಕಾಡಿನ ಹಾಗೇ ಮಾಡಿ ಒಂದು ಜೋಡಿ ಸಾಕಬೇಕು, ಮರಿ ಮಾಡಿಸಬೇಕು ಅಂತ ಆಸೆ. ನಮ್ಮದು ಮೇಲಿನ ಮಹಡಿ, ಆರ್‌ಸಿಸಿ ಮನೆ. ಕೂಲರ್ ಇದೆ, ಎಸಿ ಇಲ್ಲ. ಏಪ್ರಿಲ್, ಮೇನಲ್ಲಿ ಸಾಕಾಗುತ್ತಾ?

ಕತ್ತಲಕೋಣೆ, ಬಳ್ಳಾರಿ
ಕೂಲರ್ ಸಾಲೋದಿಲ್ಲ ತಮ್ಮ. ಈ ಹಲ್ಲಿ ಪೂರ್ವ ಮಡಗಾಸ್ಕರಿನ ತಂಪು ಮಳೆಕಾಡಿನದು. ಹಗಲು 22ರಿಂದ 24 ಡಿಗ್ರಿ, ರಾತ್ರಿ ಇನ್ನೂ ಸ್ವಲ್ಪ ಕಡಿಮೆ ಇರಬೇಕು. 27, 28 ಡಿಗ್ರಿಯಲ್ಲಿ ಕೆಲವು ದಿನ ಇದ್ದರೂ ಅಪಾಯ. ನಮ್ಮ ಕಡೆ ಹೊರಗೆ 42 ಇದ್ದಾಗ ಕೂಲರ್ ಕೋಣೆಯನ್ನು ಎಷ್ಟು ಇಳಿಸುತ್ತೆ ಹೇಳಿ, ಜೊತೆಗೆ ಮಳೆಗಾಲದಲ್ಲಿ ಅದು ತಂಪು ಮಾಡೋದೇ ಕಡಿಮೆ. ಕೆಳಗಿನ ಮಹಡಿಯಲ್ಲಿ, ಬಿಸಿಲು ಬೀಳದ ಚಿಕ್ಕ ಕೋಣೆಗೆ ಎಸಿ ಹಾಕಿಸಿ, ಕರೆಂಟ್ ಹೋದರೂ ನಡೆಯುವ ವ್ಯವಸ್ಥೆ ಮಾಡಿಕೊಳ್ಳಿ. ಮಧ್ಯಾಹ್ನ ಎರಡು ಗಂಟೆ ಕರೆಂಟ್ ಇಲ್ಲದಿದ್ದರೆ ಮುಚ್ಚಿದ ಗಾಜಿನ ಪೆಟ್ಟಿಗೆ ಒಲೆ ಆಗಿಬಿಡುತ್ತೆ.

ನನ್ನ ಖಚಿತ ಅಭಿಪ್ರಾಯ ಇದು: ಪೆಟ್ಟಿಗೆ ಕಟ್ಟಿ, ಗಿಡ ನೆಟ್ಟು, ಒಳಗೆ ಥರ್ಮಾಮೀಟರ್ ಇಟ್ಟು ಒಂದು ಇಡೀ ಬೇಸಿಗೆ ಖಾಲಿ ನಡೆಸಿ. ಅಷ್ಟೂ ದಿನ ತಂಪು ನಿಂತರೆ ಮಾತ್ರ ಹಲ್ಲಿ ತನ್ನಿ. ಇಲ್ಲಾಂದ್ರೆ ಬೇಡವೇ ಬೇಡ.

ಒಂದು ಜೋಡಿಗೆ 45 ಸೆಂ.ಮೀ. ಉದ್ದ, 45 ಅಗಲ, 60 ಎತ್ತರ ಸಾಕು, ದೊಡ್ಡದಿದ್ದರೆ ಇನ್ನೂ ಒಳ್ಳೇದು. ಮೇಲೆ ಮೆಶ್ (ಜಾಲರಿ) ಇರಲಿ, ಗಾಳಿ ಆಡದೆ ಸದಾ ಒದ್ದೆ ಇದ್ದರೆ ಕಾಯಿಲೆ ಬರುತ್ತೆ. ತಳಕ್ಕೆ ಜಲ್ಲಿ, ಅದರ ಮೇಲೆ ಸೊಳ್ಳೆ ಪರದೆ ಬಟ್ಟೆ, ಆಮೇಲೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದ ಮಣ್ಣು, ಮೇಲೆ ದಪ್ಪಗೆ ತರಗೆಲೆ. ಮಣ್ಣಿಗೆ ಸ್ಪ್ರಿಂಗ್‌ಟೇಲ್, ಐಸೋಪಾಡ್ ಅನ್ನೋ ಸಣ್ಣ ಮಣ್ಣುಜೀವಿಗಳನ್ನು ಬಿಡಿ, ಹಿಕ್ಕೆ, ಬೂಸ್ಟು ಎಲ್ಲ ಅವೇ ತಿಂದು ಸ್ವಚ್ಛ ಮಾಡುತ್ತವೆ. ಸಂಜೆ ಹೊತ್ತು ಚೆನ್ನಾಗಿ ನೀರು ಸಿಂಪಡಿಸಿ, ಎಲೆ ಮೇಲಿನ ಹನಿಯನ್ನೇ ಅದು ನೆಕ್ಕಿ ಕುಡಿಯೋದು. ನಮ್ಮ ಬೋರ್ ನೀರು ಗಾಜಿನ ಮೇಲೆ ಬಿಳಿ ಕಲೆ ಬಿಡುತ್ತೆ, ಆರ್‌ಒ ನೀರು ಬಳಸಿ.

ಭತ್ತದನಾಡು, ಗಂಗಾವತಿ
ಅಣ್ಣ ಹೇಳಿದ್ದು ಸರಿ. ಊಟದ ಬಗ್ಗೆ ಒಂದು ಮಾತು. ಹೊಲದಲ್ಲಿ ಮಿಡತೆ, ಚಿಮ್ಮಂಡೆ ಹಿಡಿದು ಸುಮ್ನೆ ಹಾಕಬೇಡಿ. ಭತ್ತಕ್ಕೆ, ಹತ್ತಿಗೆ ಎಷ್ಟು ಔಷಧಿ ಹೊಡೆಯುತ್ತಾರೆ ಗೊತ್ತಲ್ವಾ, ಆ ಹುಳದ ಜೊತೆ ಅದೂ ಹಲ್ಲಿ ಹೊಟ್ಟೆಗೆ ಹೋಗುತ್ತೆ. ತರಗೆಲೆಯೂ ಹಾಗೇ, ಹೊಲದ ಬದುವಿನಿಂದ ತರಬೇಡಿ. ಮನೆಯಲ್ಲೇ ಚಿಮ್ಮಂಡೆ ಬೆಳೆಸಿ, ಕ್ಯಾಲ್ಸಿಯಂ ಪುಡಿ ಹಚ್ಚಿ, ದೀಪ ಆರಿದ ಮೇಲೆ ಬಿಡಿ. ಇದು ರಾತ್ರಿ ಓಡಾಡುವ ಜೀವಿ.

ಕಾಗದಪತ್ರ, ಕೊಪ್ಪಳ
ಎಲ್ಲಕ್ಕಿಂತ ಮೊದಲು ಕಾನೂನು ನೋಡಿ. ಯೂರೋಪ್ಲಾಟಸ್ ಕುಲ ಪೂರ್ತಿ ಸೈಟಿಸ್, ಅಂದರೆ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದಮೇಲೆ ಇಂಥ ವಿದೇಶಿ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ ತಿಳಿಸಬೇಕು. ಮರಿ ಮಾಡಿಸೋಕೆ ಬೇರೆ ಪರವಾನಗಿ ಬೇಕಾ ಅಂತ ಅರಣ್ಯ ಇಲಾಖೆಯಲ್ಲಿ ಮುಂಚೆಯೇ ಕೇಳಿ. ಕಾಗದ ತೋರಿಸದ ಮಾರಾಟಗಾರನ ಹತ್ತಿರ ಹೋಗಲೇಬೇಡಿ. ಕಾಡಿನಿಂದ ಹಿಡಿದ ಹಲ್ಲಿಗಳು ಹೊಟ್ಟೆಹುಳ ಹೊತ್ತು, ನೀರಿಲ್ಲದೆ ಸೊರಗಿ ಬರುತ್ತವೆ, ಬಹಳಷ್ಟು ಬದುಕೋದಿಲ್ಲ. ಸಾಕಿದಲ್ಲೇ ಹುಟ್ಟಿದ್ದು ಅಂತ ದಾಖಲೆ ಇರೋದನ್ನೇ ಕೇಳಿ.

ಹಸಿರುಗೂಡು, ರಾಯಚೂರು
ತುಂಬಾ ಉಪಕಾರ ಆಯ್ತು. ಹಾಗಾದ್ರೆ ಈ ವರ್ಷ ಪೆಟ್ಟಿಗೆ ಮಾತ್ರ, ಕೆಳಗಿನ ಕೋಣೆಯಲ್ಲಿ. ಬಳ್ಳಾರಿ ಅಣ್ಣ, ಮೊಟ್ಟೆ ಇಟ್ಟರೆ ತೆಗೆಯಬೇಕಾ, ಅಲ್ಲೇ ಬಿಡಬೇಕಾ?

ಕತ್ತಲಕೋಣೆ, ಬಳ್ಳಾರಿ
ತೆಗೆಯೋದು ಒಳ್ಳೇದು. ಸಾಮಾನ್ಯವಾಗಿ ಒಂದು ಸಲಕ್ಕೆ ಎರಡು, ಗುಂಡಗೆ, ಗಟ್ಟಿ ಚಿಪ್ಪಿನವು, ತರಗೆಲೆ ಅಡಿಯಲ್ಲಿ ಇಡುತ್ತೆ. ಮೆಲ್ಲಗೆ ಎತ್ತಿ, ಮೇಲಿದ್ದ ಬದಿ ಮೇಲೇ ಇರೋ ಹಾಗೆ ಡಬ್ಬಿಗೆ ಹಾಕಿ ಅದೇ ತಂಪು ಕೋಣೆಯಲ್ಲಿಡಿ. ಮರಿ ಬರೋಕೆ ಎರಡು ಮೂರು ತಿಂಗಳು ಬೇಕು, ಬೇಗ ಬರಲಿ ಅಂತ ಬಿಸಿ ಕೊಡಬೇಡಿ. ಮರಿಗಳನ್ನು ಬೇರೆ ಚಿಕ್ಕ ಪೆಟ್ಟಿಗೆಯಲ್ಲಿಟ್ಟು ಹಣ್ಣುನೊಣ ಮತ್ತು ಅತಿ ಸಣ್ಣ ಚಿಮ್ಮಂಡೆ ಮರಿ ಕೊಡಿ. ಹೆಣ್ಣಿಗಂತೂ ಕ್ಯಾಲ್ಸಿಯಂ ತಪ್ಪಿಸಬೇಡಿ, ಒಂದಾದ ಮೇಲೊಂದು ಮೊಟ್ಟೆ ಇಟ್ಟು ಬಡವಾದರೆ ಗಂಡನ್ನು ಬೇರೆ ಮಾಡಿ.