ಸಹಾಯ ಬೇಕು: ವರ್ಷಕ್ಕೊಮ್ಮೆ ಬಳಸುವ ವಸ್ತು ಅಗತ್ಯವೋ, ಅಲ್ಲವೋ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಸೀಮೆಯ ಹಳೆಯ ಮನೆಯನ್ನು ಬಿಟ್ಟು ಮುಂದಿನ ತಿಂಗಳು ನಾನು ಮತ್ತು ಅಮ್ಮ ಶಿವಮೊಗ್ಗದ ಎರಡು ಕೋಣೆಯ ಬಾಡಿಗೆ ಮನೆಗೆ ಬರುವವರಿದ್ದೇವೆ. ಅಗತ್ಯವಿದ್ದಷ್ಟೇ ಸಾಮಾನಿನೊಡನೆ ಬದುಕಬೇಕೆಂದು ಇಬ್ಬರೂ ಮನಸಾರೆ ನಿರ್ಧರಿಸಿದ್ದೇವೆ.

ಬಟ್ಟೆ, ಪ್ಲಾಸ್ಟಿಕ್ ಡಬ್ಬಿಗಳ ವಿಲೇವಾರಿ ಎರಡೇ ದಿನದಲ್ಲಿ ಮುಗಿಯಿತು. ಉಳಿದವಕ್ಕೆ ಮಿನಿಮಲಿಸಂ ಪಾಲಿಸುವವರು ಹೇಳುವ 90 ದಿನಗಳ ನಿಯಮವನ್ನು ಹಿಡಿದೆ: ಕಳೆದ 90 ದಿನಗಳಲ್ಲಿ ಬಳಸದ, ಮುಂದಿನ 90 ದಿನಗಳಲ್ಲೂ ಬಳಸಲಾರದ ವಸ್ತುವನ್ನು ಬಿಟ್ಟುಬಿಡಬೇಕು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿಯುವ ಮಲೆನಾಡಿನಲ್ಲಿ, ಫೆಬ್ರವರಿಯಲ್ಲಿ ಕುಳಿತು ಈ ಲೆಕ್ಕ ಹಾಕಿದರೆ ಕೊಡೆಯೂ ಅನಗತ್ಯವೆಂದೇ ಆಗುತ್ತದೆ. ಹಾಗಾಗಿ ಅವಧಿಯನ್ನು ಒಂದು ವರ್ಷಕ್ಕೆ ವಿಸ್ತರಿಸಿದೆ.

ತೊಡಕು ಅಲ್ಲಿಯೇ ಎದುರಾಯಿತು. ಬಚ್ಚಲಿನ ತಾಮ್ರದ ಹಂಡೆಯನ್ನು ಅಮ್ಮ ಪ್ರತಿ ವರ್ಷ ನೀರು ತುಂಬುವ ಹಬ್ಬದಂದು ಹುಣಸೆಹಣ್ಣಿನಿಂದ ತಿಕ್ಕಿ, ಕಂಠಕ್ಕೆ ಹಿಂಡ್ಲೆಕಾಯಿ ಬಳ್ಳಿ ಸುತ್ತುತ್ತಾರೆ. ಹೊಸ ಮನೆಯಲ್ಲಿ ಬಚ್ಚಲೊಲೆಯೇ ಇಲ್ಲ, ಗೀಸರ್ ಇದೆ. ಅಪ್ಪೆಮಿಡಿ ಹಾಕುವ, ಅಂಚಿನಲ್ಲಿ ಹೆಬ್ಬೆರಳಗಲ ಚಕ್ಕೆ ಎದ್ದಿರುವ ದೊಡ್ಡ ಭರಣಿ ಹತ್ತು ಜನರ ಮನೆಯ ಅಳತೆಯದು. ಈಗ ಉಣ್ಣುವವರು ಇಬ್ಬರೇ. ಅಮ್ಮ ಬೇಕೆಂದೂ ಹೇಳುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. ಅವರ ಮೌನವನ್ನು ಒಪ್ಪಿಗೆಯೆಂದು ತಿಳಿಯಲು ನನಗೆ ಮನಸ್ಸು ಬರುತ್ತಿಲ್ಲ.

ಹೀಗೆ ಮನೆ ಚಿಕ್ಕದು ಮಾಡಿಕೊಂಡವರು ದಯವಿಟ್ಟು ತಿಳಿಸಿ: ಹಬ್ಬಕ್ಕೋ ಹಂಗಾಮಿಗೋ ಒಮ್ಮೆ ಮಾತ್ರ ಬಳಸುವ ಇಂಥ ವಸ್ತುಗಳನ್ನು ನೀವು ಇಟ್ಟುಕೊಂಡಿರಾ, ಇಲ್ಲವೇ ಬೇಕಾದಾಗ ಕೇಳಿ ಪಡೆಯುವಂತೆ ನೆಂಟರ ಮನೆಗೆ ಕೊಟ್ಟಿರಾ? ಯಾವ ಅಳತೆಗೋಲಿನಿಂದ ನಿರ್ಧರಿಸಿದಿರಿ?