‘ತೂತು ಬಿತ್ತು’, ‘ಕರ್ರಗಾತು’: ಟಿಗ್ ಬೆಸುಗೆಯ ದೋಷಗಳಿಗೆ ಬಿಡಿಬಿಡಿ ಪದಗಳು

ಪ್ರಶ್ನೆ, ಬಳ್ಳಾರಿಯಿಂದ

ಟಿಗ್ ವೆಲ್ಡಿಂಗ್ (ಟಾರ್ಚಿನ ಟಂಗ್‌ಸ್ಟನ್ ತುದಿಯಿಂದ ಆರ್ಕ್, ಅಂದರೆ ವಿದ್ಯುತ್ ಜ್ವಾಲೆ, ಹೊತ್ತಿಸಿ ಆರ್ಗಾನ್ ಗ್ಯಾಸಿನ ಹೊದಿಕೆಯಲ್ಲಿ ಲೋಹ ಬೆಸೆಯುವ ಕೆಲಸ) ಹೊಸದಾಗಿ ಕಲಿಯುವವರಿಗೆಂದು ಸಿದ್ಧವಾಗುತ್ತಿರುವ ಕನ್ನಡ ಕೈಪಿಡಿಗೆ ಕೆಲವು ಪದಗಳು ಬೇಕಾಗಿವೆ. ಟಾರ್ಚ್, ಆರ್ಗಾನ್, ಫಿಲ್ಲರ್ (ಬೆಸುಗೆಗೆ ಕರಗಿಸಿ ಸೇರಿಸುವ ಕಡ್ಡಿ), ಟಂಗ್‌ಸ್ಟನ್, ಆಂಪ್ಸ್ (ಕರೆಂಟಿನ ಅಳತೆ) ಹಾಗೇ ಇರಲಿ. ಶೆಡ್ಡಿನಲ್ಲಿ ಇವು ಯಾರಿಗೂ ಹೊಸತಲ್ಲ. ಆರ್ಗಾನಿನಂಥ ಗ್ಯಾಸಿಗೆ ‘ಜಡಾನಿಲ’ ಎಂದರೆ ಮಾತ್ರ ಮುಖ ಮುಖ ನೋಡುತ್ತಾರೆ. ತೊಡಕಿರುವುದು ದೋಷಗಳ ಹೆಸರಿನಲ್ಲಿ. ಕಲಿಯುವ ಹುಡುಗರ ಬಾಯಲ್ಲಿ ಬರುವುದು ಎರಡೇ ಮಾತು: ‘ತೂತು ಬಿತ್ರಿ’, ‘ಕರ್ರಗಾತ್ರಿ’. ಈ ಎರಡರೊಳಗೆ ಕಡಿಮೆಯೆಂದರೂ ಆರು ದೋಷ ಅಡಗಿವೆ. ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ, ಎಷ್ಟೋ ಸಲ ತದ್ವಿರುದ್ಧವೇ ಆಗಿರುತ್ತದೆ.

ಮೊದಲು ತೂತು. ಬೆಸುಗೆಯ ಮೈಮೇಲೆ ಸೂಜಿ ಚುಚ್ಚಿದ ಹಾಗೆ ಸಾಲಾಗಿ ಕಾಣುವ ಸಣ್ಣ ರಂಧ್ರಗಳಿಗೆ ‘ಸೂಜಿತೂತು’ ಎನ್ನಬಹುದೇ? ಇದಕ್ಕೂ ಆಂಪ್ಸಿಗೂ ಹೆಚ್ಚಿನ ಸಂಬಂಧವಿಲ್ಲ. ಆರ್ಗಾನ್ ಹೊದಿಕೆ ಹರಿದಿದೆ, ಇಲ್ಲವೇ ಲೋಹ ಕೊಳಕಾಗಿದೆ ಎಂದು ಅರ್ಥ. ನಮ್ಮ ಕಡೆ ಬೇಸಿಗೆಯಲ್ಲಿ ಫ್ಯಾನು, ಕೂಲರು ಇಲ್ಲದೆ ಶೆಡ್ಡಿನಲ್ಲಿ ನಿಲ್ಲಲಾಗದು. ಆ ಗಾಳಿ ಟಾರ್ಚಿನ ಬಾಯಿಗೆ ತಾಕಿದರೆ ಸಾಕು, ಹೊದಿಕೆ ಹಾರಿಹೋಗುತ್ತದೆ. ಆಗ ಹುಡುಗರು ಗ್ಯಾಸನ್ನು 18–20 ಲೀಟರಿಗೆ ಏರಿಸುತ್ತಾರೆ. ಅದು ಇನ್ನೂ ಕೆಡುಕು, ಟಾರ್ಚಿನ ಬಾಯಿಗೆ ಹಾಕುವ ಸಣ್ಣ ಕಪ್‌ನಿಂದ (ನಾಜಲ್‌ನಿಂದ) ರಭಸವಾಗಿ ನುಗ್ಗುವ ಆರ್ಗಾನ್ ಸುಳಿ ಎದ್ದು ಹೊರಗಿನ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. 6 ಅಥವಾ 7ನೇ ನಂಬರಿನ ಕಪ್‌ಗೆ ನಿಮಿಷಕ್ಕೆ 7–10 ಲೀಟರ್ ಸಾಕು.

ತಪ್ಪು ಗ್ಯಾಸಿನದೋ ಲೋಹದ್ದೋ ತಿಳಿಯಲು ಒಂದು ಪರೀಕ್ಷೆಯಿದೆ. ಸ್ಟೀಲಿನ ಚೊಕ್ಕ ತುಣುಕೊಂದರ ಮೇಲೆ ಫಿಲ್ಲರ್ ಇಲ್ಲದೆ ಆರ್ಕ್ ಹೊತ್ತಿಸಿ, ಎರಡು ಮೂರು ಸೆಕೆಂಡು ಒಂದೇ ಕಡೆ ನಿಲ್ಲಿಸಿ, ಆರಿಸಿ, ಟಾರ್ಚನ್ನು ಅಲ್ಲೇ ಹಿಡಿದಿರಬೇಕು. ಬೊಟ್ಟು ಹೊಳಪಾಗಿ ಬಂದರೆ ಗ್ಯಾಸ್ ಸರಿಯಿದೆ, ದೋಷ ಲೋಹದಲ್ಲಿದೆ. ಮಂಕಾಗಿ, ನೊರೆಗಟ್ಟಿದಂತೆ ಬಂದರೆ ಪೈಪಿನ ಕೀಲುಗಳಿಗೆ ಸೋಪಿನ ನೀರು ಹಚ್ಚಿ ಸೋರಿಕೆ ನೋಡಬೇಕು. ಲೋಹದ ಕಡೆ ಮುಖ್ಯ ಅಪರಾಧಿ ಹಾಟ್‌ರೋಲ್ಡ್ (ಕೆಂಪಗೆ ಕಾಯಿಸಿ ಲಟ್ಟಿಸಿದ) ಪ್ಲೇಟಿನ ಮೇಲಿನ ಕಪ್ಪು ಹಕ್ಕಳೆ. ತೋರಣಗಲ್ಲಿನಂಥ ಉಕ್ಕಿನ ಊರು ಪಕ್ಕದಲ್ಲೇ ಇರುವಾಗ ನಮ್ಮ ಹುಡುಗರ ಕೈಗೆ ಮೊದಲು ಸಿಗುವುದು ಇಂಥ ಪ್ಲೇಟೇ. ಕಡ್ಡಿ ವೆಲ್ಡಿಂಗಿನಲ್ಲಿ ಕಡ್ಡಿಯ ಮೇಲಿನ ಲೇಪ, ಅಂದರೆ ಫ್ಲಕ್ಸ್, ಈ ಹಕ್ಕಳೆಯನ್ನು ಅಷ್ಟಿಷ್ಟು ನುಂಗುತ್ತದೆ, ಟಿಗ್‌ನಲ್ಲಿ ಫ್ಲಕ್ಸೇ ಇಲ್ಲ. ಜೋಡಣೆಯ ಎರಡೂ ಬದಿ 20–25 ಮಿ.ಮೀ. ಅಗಲ ಗ್ರೈಂಡರ್ ಹೊಡೆದು ಬೆಳ್ಳಗೆ ಮಾಡಿ, ಅಸಿಟೋನ್‌ನಲ್ಲಿ ಒರೆಸಬೇಕು. ಜಿಐ ಶೀಟಾದರೆ ಸತುವಿನ ಲೇಪವನ್ನೂ ತೆಗೆಯಬೇಕು. ಸತು ಉರಿದ ಹೊಗೆ ಕುಡಿದರೆ ಜ್ವರ ಬರುತ್ತದೆ.

ಎರಡನೆಯದು, ಬೆಸುಗೆ ನಿಲ್ಲಿಸಿದ ಜಾಗದಲ್ಲಿ ಬೀಳುವ ಕುಳಿ. ಇದಕ್ಕೆ ‘ಕೊನೆಗುಳಿ’ ಎಂದಿಟ್ಟಿದ್ದೇವೆ. ಆರ್ಕನ್ನು ಥಟ್ಟನೆ ಕಡಿದರೆ ಕರಗಿದ ಲೋಹ ಕುಗ್ಗಿ ನಡುವೆ ಕುಳಿ ಬಿಡುತ್ತದೆ, ಬಿರುಕು ಅಲ್ಲಿಂದಲೇ ಶುರು. ಕೊನೆಯಲ್ಲಿ ಒಂದು ಹನಿ ಫಿಲ್ಲರ್ ಹೆಚ್ಚು ಕೊಟ್ಟು, ಆಂಪ್ಸನ್ನು 3–5 ಸೆಕೆಂಡಿನಲ್ಲಿ ಇಳಿಸಬೇಕು. ಮೂರನೆಯದು, ಶೀಟು ಕರಗಿ ಆಚೆಗೆ ಬಿದ್ದುಹೋಗುವುದು. ಇದು ಶುದ್ಧ ಶಾಖದ ದೋಷ. ಸದ್ಯಕ್ಕೆ ‘ಸುಟ್ಟತೂತು’ ಎಂದಿದೆ, ಕಿವಿಗೆ ಹಿತವಾಗಿಲ್ಲ.

ಇನ್ನು ಕಪ್ಪು. ಟಂಗ್‌ಸ್ಟನ್ ತುದಿ ಕಪ್ಪಾಗುವುದು, ಬೆಸುಗೆಯ ಮೈ ಕಪ್ಪಾಗುವುದು, ಹಿಂಬದಿ ಕಪ್ಪಾಗುವುದು ಮೂರೂ ಬೇರೆ. ಆರ್ಕ್ ಆರಿದ ಮೇಲೆ ಗ್ಯಾಸ್ ಬೇಗ ನಿಂತರೆ ತುದಿ ಕಪ್ಪಾಗುತ್ತದೆ. 10 ಆಂಪ್ಸಿಗೆ 1 ಸೆಕೆಂಡಿನ ಲೆಕ್ಕದಲ್ಲಿ ಗ್ಯಾಸ್ ಹರಿಯಬೇಕು. ಆರ್ಕ್ ಹೊತ್ತಿಸಿದ ತಕ್ಷಣ ತುದಿ ಉರಿದು ಕಿಡಿ ಹಾರಿದರೆ ಸಿಲಿಂಡರ್ ನೋಡಬೇಕು: ಮಿಗ್‌ಗೆ (ತಂತಿ ತಾನಾಗಿ ಬರುವ ಬೇರೆ ಬಗೆಯ ವೆಲ್ಡಿಂಗಿಗೆ) ಬಳಸುವ ಕಾರ್ಬನ್ ಡೈಆಕ್ಸೈಡ್ ಬೆರಕೆಯನ್ನು ಜೋಡಿಸಿರುತ್ತಾರೆ. ತುದಿ ಕರಗಿ ಗುಂಡಾದರೆ ಟಾರ್ಚ್ ಪಾಸಿಟಿವ್‌ಗೆ ಹೋಗಿದೆ. ಡಿ.ಸಿ.ಯಲ್ಲಿ ಅದು ನೆಗೆಟಿವ್‌ನಲ್ಲೇ ಇರಬೇಕು, ಆಗ ಶಾಖದ ಹೆಚ್ಚಿನ ಪಾಲು ಲೋಹಕ್ಕೆ ಹೋಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಮೈ ಹೊಂಬಣ್ಣದಿಂದ ನೀಲಿಗೆ, ನೀಲಿಯಿಂದ ಬೂದಿಗೆ ತಿರುಗುವುದು ಶಾಖದ ಅಳತೆಗೋಲು. ಬೂದಿ ಬಣ್ಣ ಬಂದಲ್ಲಿ ಮೇಲ್ಮೈಯ ಕ್ರೋಮಿಯಂ ಸುಟ್ಟಿದೆ, ತುಕ್ಕು ಮೊದಲು ಹಿಡಿಯುವುದು ಅಲ್ಲಿಯೇ. ‘ತುದಿಗಪ್ಪು’, ‘ಮೈಗಪ್ಪು’ ನಡೆಯಬಹುದೆಂದುಕೊಂಡಿದ್ದೇವೆ. ಹಿಂಬದಿಯ ಕಪ್ಪಿಗೆ ಏನೆನ್ನಬೇಕು?

ಉತ್ತರ, ರಾಯಚೂರಿನಿಂದ

ಹಿಂಬದಿಗೆ ‘ಬೆನ್ನು ಸುಟ್ಟಿದೆ’ ಎನ್ನಿ. ಪೈಪನ್ನು ಕೊಯ್ದು ಒಳಗೆ ನೋಡಿದರೆ ಬೇರುಬೆಸುಗೆ (ಜೋಡಣೆಯ ತಳದ ಮೊದಲ ಬೆಸುಗೆ) ತಳಹಿಡಿದ ಬೆಲ್ಲದ ಪಾಕದ ಹಾಗೆ ಉಬ್ಬುಬ್ಬಾಗಿ ಕರಿಕಟ್ಟಿರುತ್ತದೆ. ಮುಂದೆ ಎಷ್ಟೇ ಚಂದ ಇದ್ದರೂ ಆ ಜೋಡಣೆ ಕೆಟ್ಟಂತೆಯೇ. ಪರ್ಜ್ ಮಾಡುವುದಕ್ಕೆ, ಅಂದರೆ ಹಿಂಬದಿಯ ಗಾಳಿಯನ್ನು ಆರ್ಗಾನಿನಿಂದ ಹೊರದೂಡುವುದಕ್ಕೆ, ‘ಬೆನ್ನಿಗೆ ಗ್ಯಾಸ್ ಕೊಡು’ ಎಂದರೆ ಹೊಸಬರಿಗೂ ಕೆಲಸ ಕಣ್ಣಿಗೆ ಕಟ್ಟುತ್ತದೆ.

ಶಕ್ತಿನಗರದಂಥ ಉಷ್ಣ ವಿದ್ಯುತ್ ಸ್ಥಾವರಗಳ ಬಾಯ್ಲರ್ ಕೊಳವೆ ಕೆಲಸಕ್ಕೆ ಹೋಗುವವರಿಗೆ ಈ ಮಾತು ಬೇಕೇ ಬೇಕು. ಸಾದಾ ಕಾರ್ಬನ್ ಸ್ಟೀಲಿನ ಕೊಳವೆಗೆ ಸಾಮಾನ್ಯವಾಗಿ ಬೆನ್ನಿನ ಗ್ಯಾಸ್ ಕೊಡುವುದಿಲ್ಲ. ಸ್ಟೇನ್‌ಲೆಸ್ಸಿಗೂ ಶೇಕಡಾ 9 ಕ್ರೋಮಿಯಂ ಇರುವ ಪಿ91 ಎಂಬ ಸ್ಟೀಲಿಗೂ ಕೊಡದೆ ಬಿಡುವಂತಿಲ್ಲ. ಕೊಳವೆಯ ಎರಡೂ ತುದಿ ಮುಚ್ಚಿ, ಆರ್ಗಾನನ್ನು ಕೆಳಗಿನಿಂದ ಬಿಟ್ಟು, ಮೇಲೆ ಸಣ್ಣ ಕಿಂಡಿ ಇಡಬೇಕು. ಆರ್ಗಾನ್ ಗಾಳಿಗಿಂತ ಭಾರ, ತಳದಿಂದ ತುಂಬುತ್ತಾ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಕಿಂಡಿ ಮರೆತರೆ ಒಳಗೆ ಒತ್ತಡ ಏರಿ, ಸುತ್ತು ಮುಗಿಯುವ ಕೊನೆಯ ಅಂಗುಲದಲ್ಲಿ ಕರಗಿದ ಲೋಹವನ್ನೇ ಹೊರಗೆ ಊದಿಬಿಡುತ್ತದೆ. ಇದನ್ನೂ ಹುಡುಗರು ‘ತೂತು ಬಿತ್ತು’ ಎಂದೇ ಹೇಳುತ್ತಾರೆ, ಹಾಗಾಗಿ ನಿಮ್ಮ ಪಟ್ಟಿಗೆ ನಾಲ್ಕನೆಯ ತೂತು ಸೇರಿಸಿ: ‘ಊದುತೂತು’.

ಉತ್ತರ, ಗಂಗಾವತಿಯಿಂದ

‘ಸುಟ್ಟತೂತು’ ಬೇಡ. ‘ಶೀಟು ಬಾಯಿ ಬಿಟ್ಟಿತು’ ಎನ್ನಿ. ಹೊಲಿಗೆ ಬಿಚ್ಚಿದರೆ, ಗೋಡೆ ಸೀಳಿದರೆ ನಾವು ಹೇಳುವ ಮಾತು ಅದೇ, ವಿವರಿಸುವ ಕೆಲಸ ಉಳಿಯುವುದಿಲ್ಲ. ಇಲ್ಲಿ ಅಕ್ಕಿ ಗಿರಣಿಗಳ ಸ್ಟೀಲ್ ಹಾಪರಿನಲ್ಲಿ 1.2 ಮಿ.ಮೀ. ಶೀಟಿಗೆ 40 ಆಂಪ್ಸಿನ ಆಸುಪಾಸಿನಲ್ಲಿ ಶುರುಮಾಡಿ, ಹಿಂದೆ ತಾಮ್ರದ ಪಟ್ಟಿ ಒತ್ತಿಟ್ಟರೆ ಬಾಯಿ ಬಿಡುವುದಿಲ್ಲ. ಸಂದು ಬಿಟ್ಟಿರುವ ಜೋಡಣೆ ಮಾತ್ರ ಎಷ್ಟು ಆಂಪ್ಸ್ ಇಳಿಸಿದರೂ ಬಾಯಿ ಬಿಡುತ್ತದೆ. ಮೊದಲು ಶೀಟುಗಳ ಅಂಚು ಕೂಡಬೇಕು.

ಕೇಳದಿದ್ದರೂ ಒಂದು ಪದ: ಆರ್ಕಿನ ಕೆಳಗೆ ಕರಗಿ ನಿಲ್ಲುವ ಲೋಹಕ್ಕೆ ‘ರಸ’ ಎನ್ನಿ. ಎರಕದವರ ಮಾತು, ಟಿಗ್ಗಿಗೂ ಸಲ್ಲುತ್ತದೆ. ಹೊಸಬರು ರಸ ಕೂಡುವ ಮುಂಚೆಯೇ ಫಿಲ್ಲರನ್ನು ಆರ್ಕಿಗೆ ಒಡ್ಡುತ್ತಾರೆ. ಅದು ಗುಂಡಾಗಿ ಟಂಗ್‌ಸ್ಟನ್ನಿಗೆ ಅಂಟುತ್ತದೆ, ಕೆಲಸ ನಿಲ್ಲಿಸಿ ತುದಿ ಮುರಿದು ಉದ್ದುದ್ದಕ್ಕೆ ಮಸೆಯಬೇಕಾಗುತ್ತದೆ. ‘ರಸ ಹೊಳೆಯಲಿ, ಆಮೇಲೆ ಅದರ ಮುಂದಿನ ಅಂಚಿಗೆ ಕಡ್ಡಿ ಅದ್ದು’ ಎಂಬ ಸಾಲು ಕೈಪಿಡಿಯಲ್ಲಿ ಇರಲಿ.